ಫೋಟೋ ನೋಡಿ ಲೈಟ್‌ಸೇಬರ್ ಹಿಡಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

1977ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ಲ್ಯೂಕ್ ಸ್ಕೈವಾಕರ್ ಕೈಗೆ ಬರುವ ಲೈಟ್‌ಸೇಬರಿನ, ಅಂದರೆ ಬೆಳಕಿನ ಅಲಗಿನ ಕತ್ತಿಯ, ಹಿಡಿಯನ್ನು ಮನೆಯಲ್ಲೇ ಮಾಡಲು ಹೊರಟವರ ಪ್ರಶ್ನೆಗಳು ಇಲ್ಲಿವೆ. ಇಲ್ಲಿನ ಉದಾಹರಣೆಗಳೆಲ್ಲ ಆ ಒಂದು ಹಿಡಿಯವೇ. ಆದರೂ ಫೋಟೋದಿಂದ ಅಳತೆ ತೆಗೆಯುವ ಕ್ರಮ ಯಾವ ಪ್ರಾಪ್‌ಗಾದರೂ, ಅಂದರೆ ಚಿತ್ರದಲ್ಲಿ ಬಳಸಿದ ಯಾವ ಸಾಮಾನಿಗಾದರೂ, ಹೊಂದುತ್ತದೆ. ಫೋಟೋದಲ್ಲಿ ಸಿಗುವುದು ಆಕಾರ ಮಾತ್ರ, ಅಳತೆಯನ್ನು ಬೇರೆ ಕಡೆಯಿಂದ ತರಬೇಕು. ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಈ ಒಂದು ವಿಷಯದ ಸುತ್ತಲೇ ಇವೆ.

ಈ ಹಿಡಿ ಮೂಲದಲ್ಲಿ ಏನಾಗಿತ್ತು?

ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನ ಗ್ರಾಫ್ಲೆಕ್ಸ್ ಕಂಪನಿ ಪತ್ರಿಕಾ ಛಾಯಾಗ್ರಾಹಕರ ಸ್ಪೀಡ್ ಗ್ರಾಫಿಕ್ ಕ್ಯಾಮೆರಾಗಳಿಗೆಂದು ಇದನ್ನು ಮಾಡುತ್ತಿತ್ತು. ಒಳಗೆ ಮೂರು ದಪ್ಪ ಡಿ ಸೆಲ್‌ಗಳು, ತುದಿಯಲ್ಲಿ ಬಲ್ಬು ಮತ್ತು ಬೆಳಕು ಚೆಲ್ಲುವ ತಟ್ಟೆ. ಚಿತ್ರದ ಸೆಟ್ ಅಲಂಕಾರ ನೋಡಿಕೊಳ್ಳುತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರಿಗೆ ಲಂಡನ್ನಿನ ಒಂದು ಫೋಟೋ ಸಾಮಾನಿನ ಅಂಗಡಿಯಲ್ಲಿ ಇಂಥ ಹಿಡಿಗಳು ಸಿಕ್ಕವು. ಅವರು ತಟ್ಟೆಯನ್ನು ಬಿಚ್ಚಿ ತೆಗೆದು, ಕೆಳಭಾಗದ ಸುತ್ತ ಟಿ ಆಕಾರದ ಕಪ್ಪು ಪಟ್ಟಿಗಳನ್ನು ಅಂಟಿಸಿ, ಕೊಳವೆಯ ಸುತ್ತ ಬಿಗಿಯುವ ನಡುವಿನ ಕ್ಲಾಂಪಿನೊಳಗೆ ಹಳೆಯ ಕ್ಯಾಲ್ಕುಲೇಟರಿನ ಗುಳ್ಳೆ ಪಟ್ಟಿಯನ್ನು, ಅಂದರೆ ಅಂಕಿಗಳ ಮೇಲಿನ ಪುಟ್ಟ ಮಸೂರಗಳ ಸಾಲನ್ನು, ಸೇರಿಸಿದರು. ಸೊಂಟಕ್ಕೆ ತೂಗುಹಾಕಲು ತಳಕ್ಕೊಂದು ಡಿ ಆಕಾರದ ಬಳೆಯನ್ನೂ ಕೂಡಿಸಿದರು. ಆ ಚಿತ್ರದ ಕಲಾ ನಿರ್ದೇಶನಕ್ಕೆ 1978ರಲ್ಲಿ ಬಂದ ಆಸ್ಕರ್ ಅನ್ನು ಜಾನ್ ಬ್ಯಾರಿ, ನಾರ್ಮನ್ ರೆನಾಲ್ಡ್ಸ್, ಲೆಸ್ಲಿ ಡಿಲ್ಲಿ ಅವರೊಂದಿಗೆ ರೋಜರ್ ಕ್ರಿಶ್ಚಿಯನ್ ಕೂಡ ಹಂಚಿಕೊಂಡರು.

ಮಾಡುವವರಿಗೆ ಇದರಿಂದ ದೊಡ್ಡ ಅನುಕೂಲವಿದೆ. ಯಾರೋ ಕೈಯಾರೆ ಕೆತ್ತಿದ ವಸ್ತುವಾಗಿದ್ದರೆ ಅದರ ಅಳತೆ ಅದೊಂದಕ್ಕೇ ಸೀಮಿತ. ಇದು ಕಾರ್ಖಾನೆಯಲ್ಲಿ ಅಚ್ಚು ಹಾಕಿದಂತೆ ಬಂದ ಮಾಲು. ಚಿತ್ರದಲ್ಲಿ ಬಳಸಿದ ತುಂಡೇ ಕೈಗೆ ಸಿಗಬೇಕೆಂದಿಲ್ಲ, ಅದರ ಜೊತೆಯ ಯಾವ ತುಂಡನ್ನು ಅಳೆದರೂ ಸಾಕು.

ಹಾಗಾದರೆ ಹಳೆಯ ಗ್ರಾಫ್ಲೆಕ್ಸ್ ಹಿಡಿಯನ್ನೇ ಕೊಂಡರೆ ಆಯಿತಲ್ಲ?

ಕೊಳ್ಳಬಹುದು. ಆದರೆ ಕೊಂಡ ಮೇಲೆ ಅದಕ್ಕೆ ತೂತು ಕೊರೆಯಬೇಡಿ, ಅಂಟು ಹಚ್ಚಬೇಡಿ ಎಂಬುದು ನಮ್ಮ ಕಳಕಳಿಯ ಕೋರಿಕೆ. ಅವು ಮತ್ತೆ ತಯಾರಾಗುವುದಿಲ್ಲ. ಒಂದನ್ನು ಹಾಗೇ ಇಟ್ಟುಕೊಂಡು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರೆ ಅದರಿಂದ ಹತ್ತು ನಕಲು ಮಾಡಬಹುದು. ಕೊಳ್ಳುವಾಗ ಎರಡು ವಿಷಯ ನೋಡಿ. ಎರಡೇ ಸೆಲ್ ಹಿಡಿಸುವ ಗಿಡ್ಡ ಮಾದರಿಯೂ ಮಾರುಕಟ್ಟೆಯಲ್ಲಿದೆ, ನಿಮಗೆ ಬೇಕಾದದ್ದು ಮೂರು ಸೆಲ್ಲಿನದು. ಹೈಲಂಡ್ ಎಂಬ ಇನ್ನೊಂದು ಕಂಪನಿಯ ಹಿಡಿಗಳು ದೂರದಿಂದ ಹೀಗೇ ಕಾಣುತ್ತವೆ, ಹತ್ತಿರದಿಂದ ನೋಡಿದರೆ ಕ್ಲಾಂಪ್ ಬೇರೆ, ಗುಂಡಿಗಳೂ ಬೇರೆ.

ಯಾವ ಫೋಟೋವನ್ನು ಎಷ್ಟು ನಂಬಬೇಕು?

ವಸ್ತುಪ್ರದರ್ಶನದಲ್ಲಿ ಅಥವಾ ಹರಾಜಿನ ಕ್ಯಾಟಲಾಗಿಗೆಂದು ನೇರವಾಗಿ, ದೂರದಿಂದ ತೆಗೆದ ಫೋಟೋ ಮೊದಲ ದರ್ಜೆಯದು. ಚಿತ್ರೀಕರಣದ ವೇಳೆ ಸ್ಟಿಲ್ ಕ್ಯಾಮೆರಾದಲ್ಲಿ ತೆಗೆದ ಪ್ರಚಾರದ ಫೋಟೋಗಳದು ಎರಡನೆಯ ದರ್ಜೆ. ಚಿತ್ರದಿಂದ ಹಿಡಿದ ಫ್ರೇಮ್ ಕೊನೆಯದು.

ಫ್ರೇಮ್ ಯಾಕೆ ಕೊನೆಗೆ? ಆ ಚಿತ್ರವನ್ನು ಪ್ಯಾನಾವಿಷನ್ ಅನಮಾರ್ಫಿಕ್ ಲೆನ್ಸಿನಲ್ಲಿ ತೆಗೆದಿದ್ದಾರೆ. ಆ ಲೆನ್ಸ್ ದೃಶ್ಯವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿನ ಮೇಲೆ ಬೀಳಿಸುತ್ತದೆ, ತೋರಿಸುವಾಗ ಅದನ್ನು ಮತ್ತೆ ಹಿಗ್ಗಿಸುತ್ತಾರೆ. ಹಿಂಡುವ ಪ್ರಮಾಣ ಎಲ್ಲ ದೂರಕ್ಕೂ ಒಂದೇ ಇರುವುದಿಲ್ಲ. ಹಾಗಾಗಿ ಹತ್ತಿರದ ವಸ್ತು ತುಸು ಅಗಲವಾಗಿ ಕಾಣಬಹುದು, ಅಂಚಿನ ಕಡೆಗಿನ ನೇರ ಗೆರೆ ಬಾಗುತ್ತದೆ. ಹಿಡಿಯನ್ನು ಅಡ್ಡ ಹಿಡಿದಾಗ ಒಂದು ಅನುಪಾತ, ನೆಟ್ಟಗೆ ಹಿಡಿದಾಗ ಇನ್ನೊಂದು ಅನುಪಾತ ಬಂದರೆ ನಿಮ್ಮ ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಡಿ, ಅದು ಲೆನ್ಸಿನ ಗುಣ. ಅದರ ಮೇಲೆ ಕೈ ಚಲಿಸುವಾಗಿನ ಮಸುಕೂ ಇರುತ್ತದೆ. ಫ್ರೇಮಿನಿಂದ ಎಣಿಸಿಕೊಳ್ಳಿ, ಅಳೆಯಬೇಡಿ: ಪಟ್ಟಿ ಎಷ್ಟು, ಗುಂಡಿ ಯಾವ ಕಡೆ, ಕ್ಲಾಂಪಿನ ಲಿವರ್ ಎತ್ತ ತಿರುಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಣ್ಣವನ್ನಂತೂ ಯಾವ ಫೋಟೋದಿಂದಲೂ ನೇರವಾಗಿ ಎತ್ತಬೇಡಿ. ಹೊಳೆಯುವ ಲೋಹಕ್ಕೆ ತನ್ನದೇ ಬಣ್ಣ ಕಡಿಮೆ, ಎದುರಿಗೆ ಇದ್ದದ್ದನ್ನೇ ಅದು ತೋರಿಸುತ್ತದೆ. ಮರುಭೂಮಿಯಲ್ಲಿ ತೆಗೆದದ್ದು ಹಳದಿಯಾಗಿ, ಸ್ಟುಡಿಯೋದಲ್ಲಿ ತೆಗೆದದ್ದು ನೀಲಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಫೋಟೋದಿಂದ ಮಿಲಿಮೀಟರ್ ಲೆಕ್ಕಕ್ಕೆ ಬರುವುದು ಹೇಗೆ?

ಫೋಟೋದಲ್ಲಿ ಅಳತೆ ಗೊತ್ತಿರುವ ಒಂದು ವಸ್ತು ಬೇಕು. ಗ್ರಾಫ್ಲೆಕ್ಸ್ ಕೊಳವೆಯ ಹೊರ ವ್ಯಾಸ ಸುಮಾರು 38 ಮಿ.ಮೀ., ಅಂದರೆ ಒಂದೂವರೆ ಇಂಚು. ಇದನ್ನು ತಾಳೆ ನೋಡಲು ಡಿ ಸೆಲ್ ಇದೆ: ಅದರ ವ್ಯಾಸ ಹೆಚ್ಚೆಂದರೆ 34.2 ಮಿ.ಮೀ., ಉದ್ದ ಹೆಚ್ಚೆಂದರೆ 61.5 ಮಿ.ಮೀ. ಮೂರು ಸೆಲ್ ಸಾಲಾಗಿ ಇಟ್ಟರೆ 184.5 ಮಿ.ಮೀ. ಸೆಲ್ ಸಲೀಸಾಗಿ ಜಾರಬೇಕಾದರೆ ಒಳ ವ್ಯಾಸ 35ರ ಆಸುಪಾಸು ಇರಲೇಬೇಕು, ಅದರ ಮೇಲೆ ಕೊಳವೆಯ ದಪ್ಪ. ನಿಮ್ಮ ಲೆಕ್ಕದಲ್ಲಿ ಒಳ ವ್ಯಾಸ 33 ಬಂತೆಂದರೆ ಎಲ್ಲೋ ತಪ್ಪಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಈಗ ಲೆಕ್ಕ. ಫೋಟೋವನ್ನು ಜಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿ ತೆರೆದು ಹಿಡಿ ಪೂರ್ತಿ ಅಡ್ಡವಾಗುವಂತೆ ತಿರುಗಿಸಿ. ವ್ಯಾಸವನ್ನು ಒಂದೇ ಕಡೆ ಅಲ್ಲ, ಮೂರು ಕಡೆ ಪಿಕ್ಸೆಲ್‌ಗಳಲ್ಲಿ ಅಳೆದು ಸರಾಸರಿ ತೆಗೆಯಿರಿ. 412 ಪಿಕ್ಸೆಲ್ ಬಂತೆನ್ನಿ. 38.1ನ್ನು 412ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 0.0925 ಮಿ.ಮೀ. ಹಾಗಾದರೆ 130 ಪಿಕ್ಸೆಲ್ ಅಗಲದ ಭಾಗ 12 ಮಿ.ಮೀ. ಆಯಿತು. ಅಂಚಿನ ಮಸುಕು ಒಂದೊಂದು ಕಡೆ 3 ಪಿಕ್ಸೆಲ್ ಇದ್ದರೆ ಅರ್ಧ ಮಿಲಿಮೀಟರಿನಷ್ಟು ಅನುಮಾನ ಉಳಿಯುತ್ತದೆ. ಆ ಅನುಮಾನವನ್ನೂ ಅಳತೆಯ ಪಕ್ಕದಲ್ಲೇ ಬರೆದಿಡಿ. 12 ಎಂದು ಬರೆಯುವುದಕ್ಕಿಂತ 11.5ರಿಂದ 12.5 ಎಂದು ಬರೆದರೆ ಮುಂದೆ ಬೇರೆ ಫೋಟೋ ಸಿಕ್ಕಾಗ ಯಾವುದನ್ನು ತಿದ್ದಬೇಕೆಂದು ತಿಳಿಯುತ್ತದೆ.

ಇಲ್ಲಿ ಹೆಚ್ಚಿನವರು ಜಾರಿ ಬೀಳುವ ಜಾಗ ಒಂದಿದೆ. ಚಿಕ್ಕ ಅಳತೆಯಿಂದ ದೊಡ್ಡ ಅಳತೆ ತೆಗೆಯುತ್ತಾರೆ. ವ್ಯಾಸದಲ್ಲಿ 1 ಮಿ.ಮೀ. ತಪ್ಪಿದರೆ ಅದು ನೂರಕ್ಕೆ 2.6ರ ತಪ್ಪು, ಸುಮಾರು 28 ಸೆಂ.ಮೀ. ಉದ್ದದ ಹಿಡಿಯಲ್ಲಿ ಅದೇ 7 ಮಿ.ಮೀ. ದಾಟುತ್ತದೆ. ಒಮ್ಮೆ ಉದ್ದವೊಂದು ಖಚಿತವಾದರೆ ಆಮೇಲೆ ಎಲ್ಲ ಚಿಕ್ಕ ಭಾಗಗಳನ್ನೂ ಆ ಉದ್ದದಿಂದಲೇ ಲೆಕ್ಕ ಹಾಕಿ.

ಗುಂಡಿ ಯಾವಾಗಲೂ ದೊಡ್ಡದಾಗಿ ಬರುತ್ತದೆ. ಏನು ತಪ್ಪು?

ಕ್ಯಾಮೆರಾ ತೀರ ಹತ್ತಿರವಿತ್ತು. ವ್ಯಾಸವನ್ನು ಕೊಳವೆಯ ಎರಡು ಪಕ್ಕದ ಅಂಚುಗಳಲ್ಲಿ ಅಳೆಯುತ್ತೀರಿ, ಗುಂಡಿ ಇರುವುದು ಕ್ಯಾಮೆರಾದ ಕಡೆಗೆ ಉಬ್ಬಿದ ಮೈಮೇಲೆ. ಎರಡಕ್ಕೂ ನಡುವೆ 19 ಮಿ.ಮೀ. ಅಂತರ. 30 ಸೆಂ.ಮೀ. ದೂರದಿಂದ ತೆಗೆದಿದ್ದರೆ ಮುಂದಿನ ಮೈ ಹತ್ತಿರ ಹತ್ತಿರ ನೂರಕ್ಕೆ 7ರಷ್ಟು ದೊಡ್ಡದಾಗಿ ಕಾಣುತ್ತದೆ, 10 ಮಿ.ಮೀ. ಗುಂಡಿ 10.7 ಆಗುತ್ತದೆ. 2 ಮೀಟರ್ ದೂರದಿಂದ ಜೂಮ್ ಮಾಡಿ ತೆಗೆದಿದ್ದರೆ ಈ ತಪ್ಪು ನೂರಕ್ಕೆ 1ಕ್ಕೆ ಇಳಿಯುತ್ತದೆ. ಮೊಬೈಲಿನಲ್ಲಿ ಹತ್ತಿರ ಹೋಗಿ ತೆಗೆದ ಫೋಟೋ ಚೂಪಾಗಿ, ಚೆಂದವಾಗಿ ಕಂಡರೂ ಅಳತೆಗೆ ಬರುವುದಿಲ್ಲ ಎನ್ನುವುದು ಇದಕ್ಕೇ.

ಓರೆಯಾಗಿ ತೆಗೆದ ಫೋಟೋ ಮಾತ್ರ ಸಿಕ್ಕಿದೆ. ಅದರಿಂದ ಉದ್ದ ತೆಗೆಯಬಹುದೇ?

ಕೊಳವೆಯ ಬಾಯಿ ಕಾಣುತ್ತಿದ್ದರೆ ಖಂಡಿತ ಬರುತ್ತದೆ. ದುಂಡಗಿನ ಬಾಯಿ ಓರೆಯಿಂದ ಮೊಟ್ಟೆಯಾಕಾರಕ್ಕೆ ಕಾಣುತ್ತದೆ. ಅದರ ಗಿಡ್ಡ ಅಡ್ಡಗಲವನ್ನು ಉದ್ದ ಅಡ್ಡಗಲದಿಂದ ಭಾಗಿಸಿ. 0.2 ಬಂದರೆ ಹಿಡಿ ನಿಮ್ಮ ಕಡೆಗೆ ಸುಮಾರು 11.5 ಡಿಗ್ರಿ ವಾಲಿದೆ. ಆ ಕೋನದ ಕೊಸೈನ್ 0.98, ಅಂದರೆ ಉದ್ದ ನೂರಕ್ಕೆ 2ರಷ್ಟು ಕುಗ್ಗಿ ಕಾಣುತ್ತಿದೆ. 28 ಸೆಂ.ಮೀ.ಯಲ್ಲಿ ಅದು ಐದೂವರೆ ಮಿಲಿಮೀಟರ್. ಕಂಡ ಉದ್ದವನ್ನು 0.98ರಿಂದ ಭಾಗಿಸಿದರೆ ನಿಜವಾದದ್ದು ಸಿಗುತ್ತದೆ. ಅನುಪಾತ 0.5 ದಾಟಿದರೆ, ಅಂದರೆ 30 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ, ಆ ಫೋಟೋವನ್ನು ಉದ್ದಕ್ಕೆ ಬಳಸಬೇಡಿ.

ಎಫ್‌ಸ್ಪೈ ಎಂಬ ಉಚಿತ ತಂತ್ರಾಂಶ ಫೋಟೋದಲ್ಲಿನ ಸಮಾನಾಂತರ ಗೆರೆಗಳಿಂದ ಕ್ಯಾಮೆರಾ ಎಲ್ಲಿತ್ತೆಂದು ಕಂಡುಹಿಡಿದು 3ಡಿ ಮಾದರಿ ಮಾಡುವ ಬ್ಲೆಂಡರ್ ತಂತ್ರಾಂಶಕ್ಕೆ ಕೊಡುತ್ತದೆ. ಬರೀ ಕೊಳವೆಯ ಫೋಟೋಗೆ ಅದು ಕೆಲಸಕ್ಕೆ ಬಾರದು, ಯಾಕೆಂದರೆ ಕೊಳವೆಯಲ್ಲಿ ಒಂದೇ ದಿಕ್ಕಿನ ಗೆರೆಗಳಿವೆ. ಹಿಡಿಯ ಕೆಳಗೆ ಮೇಜಿನ ಮೂಲೆಯೋ ಗಾಜಿನ ಪೆಟ್ಟಿಗೆಯ ಅಂಚೋ ಕಂಡರೆ ಮಾತ್ರ ಪ್ರಯತ್ನಿಸಿ.

ಎರಡು ಫೋಟೋದಲ್ಲಿ ಪಟ್ಟಿಗಳ ಸಂಖ್ಯೆಯೇ ಬೇರೆ ಇದೆಯಲ್ಲ?

ಅದು ಒಂದೇ ಹಿಡಿ ಅಲ್ಲ. ಚಿತ್ರಗಳಿಗೆ ಒಂದೇ ವಸ್ತುವನ್ನು ಹಲವು ಸಲ ಮಾಡಿರುತ್ತಾರೆ: ಹತ್ತಿರದಿಂದ ತೋರಿಸಲು ಒಂದು, ಸೊಂಟಕ್ಕೆ ತೂಗಲು ಒಂದು, ಹೊಡೆದಾಟಕ್ಕೆ ಇನ್ನೊಂದು. 1977ರಲ್ಲಿ ಹೊಡೆದಾಟದ ಹಿಡಿಗಳೊಳಗೆ ಮೋಟಾರ್ ಇತ್ತು. ಅದು ಸ್ಕಾಚ್‌ಲೈಟ್ ಎಂಬ ಬೆಳಕು ಮರಳಿಸುವ ಹಾಳೆ ಹೊದಿಸಿದ ಮರದ ಕೋಲನ್ನು ತಿರುಗಿಸುತ್ತಿತ್ತು, ಕೋಲು ಎದುರಿನ ಬೆಳಕನ್ನು ಕ್ಯಾಮೆರಾಗೆ ಮರಳಿಸುತ್ತಿತ್ತು. ಮೇಲಿನ ಬಣ್ಣದ ಪ್ರಭೆಯನ್ನು ಆಮೇಲೆ ಫಿಲ್ಮಿನ ಮೇಲೆ ಬಿಡಿಸಿದರು. 1980ರ ಎರಡನೆಯ ಚಿತ್ರಕ್ಕೆ ಹಿಡಿಗಳನ್ನು ಹೊಸದಾಗಿ ಕೂಡಿಸಿದಾಗ ಕ್ಲಾಂಪಿನ ಗುಳ್ಳೆ ಪಟ್ಟಿಯ ಜಾಗಕ್ಕೆ ಸರ್ಕ್ಯೂಟ್ ಬೋರ್ಡಿನ ತುಂಡು ಬಂತು.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ಯಾವ ಚಿತ್ರದ ಯಾವ ಹಿಡಿ ಎಂದು ಒಂದು ಸಾಲು ಬರೆದು ಗೋಡೆಗೆ ಅಂಟಿಸಿ. ಫೋಟೋಗಳನ್ನು ಆ ಪ್ರಕಾರ ಬೇರೆ ಬೇರೆ ಫೋಲ್ಡರ್‌ಗೆ ಹಾಕಿ. ಗೀರು, ನಗ್ಗು, ಅಂಟಿನ ಕಲೆ ಇವೇ ಹಿಡಿಯ ಗುರುತಿನ ಚೀಟಿ. ಎರಡು ಫೋಟೋದಲ್ಲಿ ಒಂದೇ ಗೀರು ಕಂಡರೆ ಮಾತ್ರ ಅವು ಒಂದೇ ಹಿಡಿಯವು ಎಂದು ಒಪ್ಪಿಕೊಳ್ಳಿ. ಒಂದರಿಂದ ಕ್ಲಾಂಪ್, ಇನ್ನೊಂದರಿಂದ ಪಟ್ಟಿ ಎಂದು ಬೆರೆಸಿದರೆ ಎಂದೂ ಇಲ್ಲದ ಹಿಡಿಯೊಂದು ತಯಾರಾಗುತ್ತದೆ.

ಕೊಳವೆಗೆ ಯಾವ ಪೈಪ್ ತರಬೇಕು?

ಮೆಟ್ಟಿಲಿನ ರೇಲಿಂಗಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಪೈಪ್. 38.1 ಮಿ.ಮೀ. ಹೊರ ವ್ಯಾಸ ಆ ಅಂಗಡಿಗಳಲ್ಲಿ ದಿನವೂ ಮಾರುವ ಸೈಜು. ಒಂದೂವರೆ ಇಂಚು, 1.2 ಮಿ.ಮೀ. ದಪ್ಪ, ಮಿರರ್ ಫಿನಿಶ್ ಎಂದು ಕೇಳಿ. ರೇಲಿಂಗ್ ಕೆಲಸದವರ ಬಳಿ 35 ಸೆಂ.ಮೀ. ತುಂಡು ಕತ್ತರಿಸಿ ಉಳಿದದ್ದರಲ್ಲೇ ಸಿಗುತ್ತದೆ, ಹೊಸ ಪೈಪ್ ಕೊಳ್ಳುವ ಅಗತ್ಯವೇ ಇಲ್ಲ. ಒಳ ವ್ಯಾಸ 35.7 ಬರುವುದರಿಂದ ಡಿ ಸೆಲ್ ಸರಾಗವಾಗಿ ಜಾರುತ್ತದೆ. 28 ಸೆಂ.ಮೀ. ತುಂಡಿನ ತೂಕ 310 ಗ್ರಾಂ ಸುಮಾರು, ಅದೇ ಅಳತೆಯ ಅಲ್ಯೂಮಿನಿಯಂ ನೂರೈದು ಗ್ರಾಂ ಸುಮಾರು. ಕೈಗೆ ಸಿಗುವ ಭಾರಕ್ಕಾಗಿಯೇ ನಾವು ಸ್ಟೀಲ್ ಪರ.

ಪಿವಿಸಿ ನೀರಿನ ಪೈಪ್ ಬೇಡ. ನಮ್ಮಲ್ಲಿ ಸಿಗುವುದು 32, ಆಮೇಲೆ ನೇರ 40 ಮಿ.ಮೀ. 40ರಲ್ಲಿ ಮಾಡಿದರೆ 2 ಮಿ.ಮೀ. ದಪ್ಪ ಹೆಚ್ಚು. ಕಾಗದದ ಮೇಲೆ ಅಲ್ಪ ಎನಿಸುತ್ತದೆ, ಕೈಯಲ್ಲಿ ಹಿಡಿದರೆ ಬೆರಳಿಗೆ ತಕ್ಷಣ ತಿಳಿಯುತ್ತದೆ.

ಸ್ಟೀಲಿಗೆ ತೂತು ಕೊರೆಯುವಾಗ ಎಚ್ಚರ. ಬಿಟ್ ಕತ್ತರಿಸದೆ ಬರೀ ಉಜ್ಜಿದರೆ ಆ ಜಾಗ ಗಡಸಾಗಿ ಮುಂದೆ ಯಾವ ಬಿಟ್ಟೂ ಒಳಗಿಳಿಯದು. ಪೈಪಿನೊಳಗೆ ಮರದ ತುಂಡು ತುರುಕಿ, ಸೆಂಟರ್ ಪಂಚ್ ಹೊಡೆದು, ಕೋಬಾಲ್ಟ್ ಬಿಟ್ಟಿಗೆ ಎಣ್ಣೆ ಬಿಟ್ಟು ನಿಧಾನವಾಗಿ, ಬಿಗಿಯಾಗಿ ಒತ್ತಿ. 6 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ 500ರಿಂದ 600 ಸುತ್ತು ಸಾಕು.

ಮೇಲಿನ ಮತ್ತು ಕೆಳಗಿನ ತುಂಡು ಜೋಡಿಸುವುದು ಹೇಗೆ?

ಮೂಲದಲ್ಲಿ ಒಂದು ತುಂಡು ಇನ್ನೊಂದರೊಳಗೆ ಕೂರುತ್ತದೆ, ಮೇಲೆ ಕ್ಲಾಂಪ್ ಬಿಗಿಯುತ್ತದೆ. ನಮ್ಮ ಪೈಪಿಗೆ ಒಳಗೊಂದು ಜೋಡಣೆ ಬಳೆ ಬೇಕು. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಯಾವುದಾದರೂ ಲೇತ್ ಅಂಗಡಿಯಲ್ಲಿ 35.6 ಮಿ.ಮೀ. ಹೊರ ವ್ಯಾಸಕ್ಕೆ, 60 ಮಿ.ಮೀ. ಉದ್ದಕ್ಕೆ ಅಲ್ಯೂಮಿನಿಯಂ ತಿರುಗಿಸಿಕೊಡುತ್ತಾರೆ. 3ಡಿ ಪ್ರಿಂಟ್ ಮಾಡುವುದಾದರೆ 35.4ಕ್ಕೆ ಇಡಿ.

ಹೀಗೆ ಅಳತೆಗೆ ಸರಿಯಾಗಿ ಮಾಡಿದ ಬಳೆಯೂ ಒಳಗೆ ಹೋಗುವುದಿಲ್ಲ! ಟಾರ್ಚ್ ಹಾಕಿ ಪೈಪಿನೊಳಗೆ ನೋಡಿ: ಉದ್ದಕ್ಕೂ ಒಂದು ತೆಳ್ಳನೆಯ ಏಣು ಓಡಿರುತ್ತದೆ. ತಗಡನ್ನು ಸುರುಳಿ ಮಾಡಿ ಬೆಸೆದ ಗೆರೆ ಅದು. ಹೊರಗಡೆ ಪಾಲಿಶ್ ಮಾಡಿ ಅಳಿಸಿರುತ್ತಾರೆ, ಒಳಗೆ ಹಾಗೇ ಬಿಟ್ಟಿರುತ್ತಾರೆ. ಬಳೆಯಲ್ಲಿ 3 ಮಿ.ಮೀ. ಅಗಲ, 1 ಮಿ.ಮೀ. ಆಳದ ಕಾಲುವೆ ತೆಗೆದರೆ ಏಣು ಅದರಲ್ಲಿ ಕೂರುತ್ತದೆ, ಎರಡೂ ತುಂಡು ತಿರುಗದಂತೆ ಹಿಡಿದುಕೊಳ್ಳುವ ಲಾಭವೂ ಇದೆ. ಹೊರಗಿನ ಬೆಸುಗೆ ಗೆರೆ ಕೆಲವೊಮ್ಮೆ ಬಿಸಿಲಿಗೆ ಹಿಡಿದರೆ ಕಾಣುತ್ತದೆ, ಅದು ಒಂದು ಕಪ್ಪು ಪಟ್ಟಿಯ ಅಡಿಗೆ ಬರುವಂತೆ ತಿರುಗಿಸಿಕೊಳ್ಳಿ.

ಕ್ಲಾಂಪ್ ದುಂಡಗೆ ಬಾಗುವುದಿಲ್ಲ, ಬಾಗಿಸಿದರೆ ಬಿಚ್ಚಿಕೊಳ್ಳುತ್ತದೆ. ಏನು ಮಾಡುವುದು?

1 ಮಿ.ಮೀ. ಹಿತ್ತಾಳೆ ಪಟ್ಟಿ ತಂದಿದ್ದರೆ ಅದು ಅಂಗಡಿಯಿಂದ ಬರುವಾಗಲೇ ಗಡಸಾಗಿರುತ್ತದೆ. ಕತ್ತಲಿರುವ ಜಾಗದಲ್ಲಿ ಗ್ಯಾಸ್ ಟಾರ್ಚಿನಿಂದ ಮಂಕು ಕೆಂಪಾಗುವವರೆಗೆ ಕಾಯಿಸಿ ತಣಿಯಲು ಬಿಟ್ಟರೆ ಮೆದುವಾಗುತ್ತದೆ. ಬಿಸಿಲಿನಲ್ಲಿ ಈ ಕೆಂಪು ಕಾಣದು, ಅಷ್ಟರಲ್ಲಿ ಪಟ್ಟಿ ಕರಗಿರುತ್ತದೆ. ಬಾಗಿಸಲು 38ರ ಪೈಪಿಗಿಂತ ಚಿಕ್ಕ, 34ರಿಂದ 35 ಮಿ.ಮೀ. ದುಂಡು ಸರಳು ಬಳಸಿ, ಕೈ ಬಿಟ್ಟಾಗ ಅದು ತಾನಾಗಿ ಅಗಲಿಸಿ 38ಕ್ಕೆ ಬರುತ್ತದೆ. ಸುತ್ತಿಗೆ ಮರದ್ದೋ ನೈಲಾನಿನದೋ ಇರಲಿ. ಉದ್ದದ ಲೆಕ್ಕಕ್ಕೆ ಪೈಪಿನ ವ್ಯಾಸಕ್ಕೆ ತಗಡಿನ ದಪ್ಪ ಒಂದು ಸಲ ಸೇರಿಸಿ 3.1416ರಿಂದ ಗುಣಿಸಿ: 39.1ಕ್ಕೆ 122.8 ಮಿ.ಮೀ. ಇದು ಪೂರ್ತಿ ಸುತ್ತು. ಇದರಲ್ಲಿ ಬಾಯಿಯ ತೆರಪನ್ನು ಕಳೆದು ಎರಡು ಕಡೆಯ ಮಡಿಕೆಗಳನ್ನು ಕೂಡಿಸಿ. ತಗಡು ಕತ್ತರಿಸುವ ಮುಂಚೆ ಅದೇ ಅಳತೆಯನ್ನು ಡ್ರಾಯಿಂಗ್ ಹಾಳೆಯಲ್ಲಿ ಕತ್ತರಿಸಿ ಸುತ್ತಿ ನೋಡುವುದು ಐದು ನಿಮಿಷದ ಕೆಲಸ.

ಗುಳ್ಳೆ ಪಟ್ಟಿ ಎಲ್ಲಿ ಸಿಗುತ್ತದೆ?

ಮೂಲದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಕ್ಸಾಕ್ಟ್ರಾ ಕ್ಯಾಲ್ಕುಲೇಟರಿನದು. ಆಗಿನ ಎಲ್‌ಇಡಿ ಅಂಕಿಗಳು ತೀರ ಸಣ್ಣವು, ಅವನ್ನು ದೊಡ್ಡದಾಗಿ ತೋರಿಸಲು ಮೇಲೆ ಸಾಲಾಗಿ ಪ್ಲಾಸ್ಟಿಕ್ ಮಸೂರಗಳು. ಅದನ್ನೇ ಹುಡುಕಿ ಕ್ಯಾಲ್ಕುಲೇಟರ್ ಒಡೆಯುವ ಬದಲು ಮಾಡಿಕೊಳ್ಳುವುದು ಲೇಸು. 2 ಮಿ.ಮೀ. ಅಕ್ರಿಲಿಕ್ ಪಟ್ಟಿಯ ಮೇಲೆ ಸೂಜಿಯ ಸಿರಿಂಜಿನಿಂದ ಯುವಿ ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ಕಾದ ಯುವಿ ರೆಸಿನ್ ಹನಿಗಳನ್ನು ಇಡಿ. ಪಟ್ಟಿಯ ಕೆಳಗೆ ಸಮ ಅಂತರದಲ್ಲಿ ಚುಕ್ಕಿ ಹಾಕಿದ ಕಾಗದವಿರಲಿ. ಹನಿ ಹರಡಿ ಪಕ್ಕದ ಹನಿಗೆ ಸೇರುತ್ತಿದ್ದರೆ ರೆಸಿನ್ ಬಿಸಿಯಾಗಿದೆ ಎಂದರ್ಥ, ಬಾಟಲಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ. ಒಂದೇ ಸಲ ದಪ್ಪ ಹನಿ ಇಡದೆ, ತೆಳ್ಳಗೆ ಒಂದು ಸುತ್ತು ಇಟ್ಟು ಬೆಳಕಿಗೆ ಗಟ್ಟಿಯಾಗಿಸಿ, ಅದರ ಮೇಲೆ ಇನ್ನೊಂದು ಸುತ್ತು. ಮೊದಲ ಸುತ್ತಿನ ಅಂಚೇ ಎರಡನೆಯದಕ್ಕೆ ಕಟ್ಟೆಯಾಗಿ ನಿಂತು ಗುಳ್ಳೆ ಗೋಲವಾಗಿ ಏಳುತ್ತದೆ. ಗಾಳಿಗುಳ್ಳೆ ಕಂಡರೆ ಗಟ್ಟಿಯಾಗುವ ಮೊದಲೇ ಸೂಜಿಮೊನೆಯಿಂದ ಅಂಚಿಗೆ ಎಳೆದು ಒಡೆಯಿರಿ. ಕೈಗೆ ಗ್ಲೌಸ್ ಇರಲೇಬೇಕು, ಹಸಿ ರೆಸಿನ್ ಚರ್ಮಕ್ಕೆ ಆಗದು.

ಕಪ್ಪು ಪಟ್ಟಿಗಳನ್ನು ಸಮನಾಗಿ ಅಂಟಿಸುವುದು ಹೇಗೆ? ಅಂಟಿಸಿದ ಮೇಲೆ ಯಾಕೆ ಬಿಟ್ಟುಕೊಳ್ಳುತ್ತವೆ?

38.1 ಮಿ.ಮೀ. ವ್ಯಾಸದ ಸುತ್ತಳತೆ 119.7 ಮಿ.ಮೀ. ಆರು ಪಟ್ಟಿಗೆ ನಡುವಿನಿಂದ ನಡುವಿಗೆ 19.95, ಏಳಕ್ಕೆ 17.1. ಕಾಗದದ ಪಟ್ಟಿ ಸುತ್ತಿ, ತುದಿ ಸೇರುವಲ್ಲಿ ಕತ್ತರಿಸಿ, ಬಿಚ್ಚಿ ಭಾಗ ಮಾಡಿ ಗುರುತು ಹಾಕಿ ಮತ್ತೆ ಸುತ್ತಿ. ಪೈಪಿನ ಉದ್ದಕ್ಕೂ ನೇರ ಗೆರೆ ಎಳೆಯಲು ಅದನ್ನು ಎಲ್ ಆಂಗಲ್ ಕಬ್ಬಿಣದೊಳಗೆ ಮಲಗಿಸಿ ಅಂಚಿಗೆ ಪೆನ್ ಇಟ್ಟು ಎಳೆದರೆ ಗೆರೆ ಸೊಟ್ಟಗಾಗುವ ಮಾತೇ ಇಲ್ಲ.

ಬಿಟ್ಟುಕೊಳ್ಳುವುದಕ್ಕೆ ಕಾರಣ ಮೆದು ಪಿವಿಸಿ. ಅದನ್ನು ಮೆದುವಾಗಿಸುವ ಎಣ್ಣೆಯಂಥ ಅಂಶ ತಿಂಗಳುಗಟ್ಟಲೆ ನಿಧಾನವಾಗಿ ಹೊರಬಂದು ಅಂಟನ್ನು ಜಿಗುಟು ಮಾಡುತ್ತದೆ. ಫೆವಿಕ್ವಿಕ್ ಮೊದಲ ದಿನ ಕಲ್ಲಿನಂತೆ ಹಿಡಿದು ಆಮೇಲೆ ಕೈಕೊಡುವುದು ಹೀಗೆ. ಪಟ್ಟಿ ಗಡಸು ಪ್ಲಾಸ್ಟಿಕ್ಕಿನದಾಗಿದ್ದರೆ ಆರಾಲ್ಡೈಟ್, ರಬ್ಬರಿನದಾಗಿದ್ದರೆ ಫೆವಿಕಾಲ್ ಎಸ್‌ಆರ್ ಬಳಸಿ. ಪೈಪಿನ ಮೇಲೆ ಪಟ್ಟಿ ಕೂರುವಷ್ಟೇ ಜಾಗವನ್ನು 120 ನಂಬರಿನ ಎಮರಿಯಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಉಳಿದ ಕಡೆಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿರಿ, ಹೊಳಪಿನ ಮೇಲೆ ಬಿದ್ದ ಎಮರಿ ಗೀರು ಹೋಗುವುದಿಲ್ಲ.

ಪೂರ್ತಿ 3ಡಿ ಪ್ರಿಂಟ್ ಮಾಡಿ ಕ್ರೋಮ್ ಬಣ್ಣ ಹೊಡೆದರೆ?

ಆಗುತ್ತದೆ, ಆದರೆ ಕೆಲಸ ಹೆಚ್ಚು. ಕ್ರೋಮ್ ಒಂದೊಂದು ಪದರದ ಗೆರೆಯನ್ನೂ ಕನ್ನಡಿಯಂತೆ ಎತ್ತಿ ತೋರಿಸುತ್ತದೆ. 120, 220, 400, 800, 1500 ಎಂದು ಏರುತ್ತ ಉಜ್ಜಬೇಕು. ನಡುನಡುವೆ ಕಾರಿಗೆ ಬಳಸುವ ಪುಟ್ಟಿ, ಪ್ರೈಮರ್. ಕೊನೆಗೆ ಹೊಳಪಿನ ಕಪ್ಪು ಹೊಡೆದು ಎರಡು ದಿನ ಒಣಗಿಸಿ, ಅದರ ಮೇಲೆ ಕ್ರೋಮ್ ತೆಳ್ಳಗೆ. ಕಪ್ಪು ಹಸಿಯಿದ್ದರೆ ಕ್ರೋಮ್ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಸಾಮಾನ್ಯ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಶ್) ಹೊಡೆದರೂ ಹಾಗೇ.

ಕರಾವಳಿಯಲ್ಲಿ ಮಳೆಗಾಲದಲ್ಲಿ ಸ್ಪ್ರೇ ಮಾಡಬೇಡಿ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಂಜು ಕಟ್ಟುತ್ತದೆ. ಇನ್ನು ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಪಿಎಲ್‌ಎ ಎಂಬ ಪ್ರಿಂಟಿಂಗ್ ಪ್ಲಾಸ್ಟಿಕ್ಕಿನ ಹಿಡಿಯನ್ನು ಕಾರಿನೊಳಗೆ ಬಿಟ್ಟರೆ ಬಾಗಿ ಹೋಗುತ್ತದೆ, 60 ಡಿಗ್ರಿಗೇ ಅದು ಮೆತ್ತಗಾಗುತ್ತದೆ. ಪ್ರಿಂಟ್ ಮಾಡುವುದೇ ಆದರೆ ಪಿಇಟಿಜಿ ಪ್ಲಾಸ್ಟಿಕ್ ಬಳಸಿ. ನಮ್ಮ ಸಲಹೆ: ಕೊಳವೆ ಲೋಹದ್ದಿರಲಿ, ಮೇಲ್ತುದಿಯಲ್ಲಿ ಮೊಲದ ಕಿವಿಯಂತೆ ಚಾಚಿದ ತುಂಡುಗಳು, ಗುಂಡಿಗಳ ಬುಡ, ಒಳಗಿನ ಬಳೆ ಇಷ್ಟನ್ನು ಮಾತ್ರ ಪ್ರಿಂಟ್ ಮಾಡಿ.

ಬೆಳಕಿನ ಅಲಗು ಸೇರಿಸಬಹುದೇ?

1 ಇಂಚಿನ ಪಾಲಿಕಾರ್ಬನೇಟ್ ಕೊಳವೆ ಇದರೊಳಗೆ ಧಾರಾಳವಾಗಿ ಹಿಡಿಸುತ್ತದೆ. ಮೀಟರಿಗೆ 144 ದೀಪದ ಡಬ್ಲ್ಯೂಎಸ್2812 ಎಲ್‌ಇಡಿ ಪಟ್ಟಿ ಎರಡನ್ನು ಬೆನ್ನಿಗೆ ಬೆನ್ನು ಇಟ್ಟು 80 ಸೆಂ.ಮೀ. ಅಲಗು ಮಾಡಿದರೆ 230 ದೀಪ. ಪೂರ್ತಿ ಬಿಳಿಗೆ ಒಂದಕ್ಕೆ 60 ಮಿಲಿಆಂಪ್, ಒಟ್ಟು 13.8 ಆಂಪ್. ಒಂದು 18650 ಲಿಥಿಯಂ ಸೆಲ್ಲಿನಿಂದ ಇದನ್ನು ಕೇಳಬೇಡಿ. ನೀಲಿ ಮಾತ್ರ ಉರಿಸಿದರೆ 4.6 ಆಂಪ್ ಆಗುತ್ತದೆ, ತಂತ್ರಾಂಶದಲ್ಲಿ ಪ್ರಖರತೆಗೆ ಮಿತಿ ಹಾಕಿ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಹೋಲ್ಡರ್ ಬಳಸಿ. ಲೋಹದ ಕೊಳವೆಯ ಒಳಮೈಗೆ ನಿರೋಧಕ ಹಾಳೆ ಸುತ್ತದೆ ಸರ್ಕ್ಯೂಟ್ ಇಳಿಸಲೇಬೇಡಿ.

ಹಳೆಯದರಂತೆ ಕಾಣಿಸಲು ಏನು ಮಾಡಬೇಕು?

ಮೊದಲು ಏನೂ ಮಾಡದೆ ಒಂದು ತಿಂಗಳು ಕೈಯಲ್ಲಿ ಆಡಿಸಿ. ಆಮೇಲೂ ಬೇಕೆನಿಸಿದರೆ ಕಪ್ಪು ಅಕ್ರಿಲಿಕ್ ಒಂದು ಪಾಲಿಗೆ ನೀರು ನಾಲ್ಕು ಪಾಲು ಬೆರೆಸಿ ಸಂದುಗಳಿಗೆ ಹಚ್ಚಿ, ಅರೆ ಒಣಗಿದಾಗ ಒರೆಸಿ. ಗೀರು ಹಾಕುವುದಾದರೆ ಫೋಟೋದಲ್ಲಿ ಇರುವಲ್ಲಿ ಮಾತ್ರ ಹಾಕಿ.

ಈ ಕ್ರಮ ಬೇರೆ ಯಾವ ಪ್ರಾಪ್‌ಗಳಿಗೆ ಹೊಂದುತ್ತದೆ?

ಸಿದ್ಧ ವಸ್ತುಗಳಿಂದ ಕೂಡಿಸಿದ ಎಲ್ಲಕ್ಕೂ. ಅದೇ ಚಿತ್ರದ ಓಬಿ-ವಾನ್ ಹಿಡಿಯನ್ನೇ ನೋಡಿ: ರೋಲ್ಸ್ ರಾಯ್ಸ್ ಡರ್ವೆಂಟ್ ಜೆಟ್ ಎಂಜಿನ್ನಿನ ಒಂದು ಕೊಳವೆ, ಬ್ರೌನಿಂಗ್ ಮೆಷಿನ್ ಗನ್ನಿನ ಬೂಸ್ಟರ್, ಮೊದಲ ಮಹಾಯುದ್ಧದ ಬ್ರಿಟಿಷ್ ರೈಫಲ್ ಗ್ರೆನೇಡಿನ ದೇಹ, ಆರ್ಮಿಟೇಜ್ ಶಾಂಕ್ಸ್ ನಲ್ಲಿಯ ತಿರುಗಣೆ, ನಡುವೆ ಗ್ರಾಫ್ಲೆಕ್ಸ್ ಕ್ಲಾಂಪ್. ಡಾರ್ತ್ ವೇಡರನ ಹಿಡಿ ಬ್ರಿಟನ್ನಿನ ಎಂಪಿಪಿ ಕಂಪನಿಯ ಮೈಕ್ರೋಫ್ಲ್ಯಾಶ್. 1968ರ 2001: ಎ ಸ್ಪೇಸ್ ಒಡಿಸ್ಸಿ ಚಿತ್ರದ ಹ್ಯಾಲ್ ಕಂಪ್ಯೂಟರಿನ ಕಣ್ಣು 8 ಮಿ.ಮೀ. ನಿಕ್ಕೋರ್ ಫಿಶ್‌ಐ ಲೆನ್ಸ್. ನಲ್ಲಿ ತಯಾರಿಸಿದವರಿಗೂ ಲೆನ್ಸ್ ತಯಾರಿಸಿದವರಿಗೂ ಕ್ಯಾಟಲಾಗ್ ಇರುತ್ತದೆ, ಅದರಲ್ಲಿ ಅಳತೆ ಇರುತ್ತದೆ. ಆದ್ದರಿಂದ ಮೊದಲು ವಸ್ತುವಿನ ಹೆಸರು ಹುಡುಕಿ, ಆಮೇಲೆ ಪಿಕ್ಸೆಲ್ ಎಣಿಸಿ.

ಮಾಡಿದ್ದನ್ನು ಮಾರಬಹುದೇ? ವಿಮಾನದಲ್ಲಿ ಒಯ್ಯಬಹುದೇ?

ನಿಮ್ಮ ಷೋಕೇಸಿಗೆ ಮಾಡಿಕೊಳ್ಳುವುದು ಬೇರೆ, ಚಿತ್ರದ ಹೆಸರು ಹಾಕಿ ಮಾರುವುದು ಬೇರೆ. ಆ ಹೆಸರುಗಳು ಚಿತ್ರ ತಯಾರಿಸಿದ ಲ್ಯೂಕಾಸ್‌ಫಿಲ್ಮ್ ಕಂಪನಿಯ ಟ್ರೇಡ್‌ಮಾರ್ಕ್. 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದೇ ಚಿತ್ರದ ಸೈನಿಕರಾದ ಸ್ಟಾರ್ಮ್‌ಟ್ರೂಪರ್‌ಗಳ ಹೆಲ್ಮೆಟ್ ಶಿಲ್ಪವಲ್ಲ, ಹಾಗಾಗಿ ಶಿಲ್ಪಕ್ಕಿರುವ ಕಾಪಿರೈಟ್ ಅದಕ್ಕಿಲ್ಲ ಎಂದು ತೀರ್ಪಿತ್ತಿದ್ದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಅದು ಆ ದೇಶದ ಕಾಪಿರೈಟಿಗೆ ಸಂಬಂಧಿಸಿದ್ದು, ನಮಗೆ ಪರವಾನಗಿ ಅಲ್ಲ. ವಿಮಾನದಲ್ಲಿ ಹಿಡಿಯನ್ನು ಚೆಕ್-ಇನ್ ಬ್ಯಾಗಿನಲ್ಲಿಡಿ, ಬಿಡಿ ಲಿಥಿಯಂ ಸೆಲ್ ಇದ್ದರೆ ಅದನ್ನು ಮಾತ್ರ ಹೊರತೆಗೆದು ಕೈಚೀಲಕ್ಕೆ ಹಾಕಿ.

ನನ್ನ ಹಿಡಿ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಮೂಲ ಫೋಟೋದಲ್ಲಿ ಇರುವಂತೆಯೇ ನಿಮ್ಮ ಹಿಡಿಯನ್ನು ಇಟ್ಟು, ಅದೇ ಕೋನದಿಂದ ಫೋಟೋ ತೆಗೆಯಿರಿ. ಬಾಯಿಯ ಮೊಟ್ಟೆಯಾಕಾರದ ಅನುಪಾತ ಎರಡರಲ್ಲೂ ಒಂದೇ ಆಗುವವರೆಗೆ ಕ್ಯಾಮೆರಾ ಸರಿಸಿ. ಜಿಂಪ್‌ನಲ್ಲಿ ನಿಮ್ಮ ಫೋಟೋವನ್ನು ಮೂಲದ ಮೇಲೆ ಅರ್ಧ ಪಾರದರ್ಶಕವಾಗಿ ಇಟ್ಟು ಎರಡು ತುದಿ ಹೊಂದಿಸಿ. ಕ್ಲಾಂಪ್ ಒಂದೇ ಕಡೆಗೆ ಜಾರಿದ್ದರೆ ಮೇಲಿನ ಮತ್ತು ಕೆಳಗಿನ ತುಂಡಿನ ಉದ್ದ ಹೆಚ್ಚುಕಡಿಮೆಯಾಗಿದೆ. ತುದಿಗಳ ಬದಲು ನಡುವನ್ನು ಹೊಂದಿಸಿ ನೋಡಿದಾಗ ತುದಿಗಳತ್ತ ಹೋಗುತ್ತ ಹೋಗುತ್ತ ತಪ್ಪಿದರೆ ಕ್ಯಾಮೆರಾ ದೂರ ಸರಿಯಿಲ್ಲ, ಹಿಡಿಯನ್ನು ಮುಟ್ಟಬೇಡಿ, ಕ್ಯಾಮೆರಾ ಹಿಂದೆ ಸರಿಸಿ ಮತ್ತೆ ತೆಗೆಯಿರಿ. ಗುಂಡಿ ಒಂದೇ ತಪ್ಪಿದರೆ ಅದನ್ನಷ್ಟೇ ತಿದ್ದಿ. ಈ ಪರೀಕ್ಷೆಯನ್ನು ಅಂಟು ಹಾಕುವ ಮೊದಲು, ಎಲ್ಲ ಭಾಗಗಳನ್ನು ಟೇಪಿನಲ್ಲಿ ನಿಲ್ಲಿಸಿಯೇ ಮಾಡಿ.